ಡಚ್ಚರ ಅರಣ್ಯಚಿತ್ರಗಳು: ಅನುಕರಣವೆ, ಕಲ್ಪನೆಯೆ?

೧

ಹಾಲೆಂಡು ದೇಶದ ಚಿತ್ರಕಲೆಯನ್ನು ಕುರಿತು ಬರೆದವರಲ್ಲಿ ಬಹುಮಂದಿ ಒಂದು ಮಾತನ್ನು ಸಿದ್ಧಾಂತವೆಂಬಂತೆ ಹೇಳುತ್ತ ಬಂದಿರುವರು. ಆ ದೇಶದ ಚಿತ್ರಕಾರರು ಕಂಡುದನ್ನು ಕಂಡಂತೆಯೇ ಬರೆದವರು. ಅವರ ಕಲೆ ಒಂದು ಕನ್ನಡಿ. ಅದರಲ್ಲಿ ಪ್ರತಿಬಿಂಬವುಂಟು, ಪ್ರತಿಭೆಯಿಲ್ಲ ಎಂಬುದೇ ಆ ಮಾತು. ಇದು ಇಂದು ನಿನ್ನೆಯ ಅಭಿಪ್ರಾಯವಲ್ಲ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ದ ಹೊಲಾಂಡನು ೧೫೪೮ರಲ್ಲಿ ರಚಿಸಿದ ಸಂವಾದಗ್ರಂಥದಲ್ಲಿ ಮೈಕೆಲೇಂಜಲೊ ಫ್ಲಾಂಡರ್ಸಿನ ಚಿತ್ರಗಳನ್ನು ಹಳಿಯುವುದುಂಟು. ಹುಲ್ಲುಗಾವಲು, ಮರದ ನೆರಳು, ಹೊಳೆ, ಸೇತುವೆ ಇವನ್ನೆಲ್ಲ ವಿವೇಚನೆಯಿಲ್ಲದೆ ಒಂದೆಡೆ ಒಟ್ಟುವರೆಂಬುದು ಅಲ್ಲಿಯ ಆಕ್ಷೇಪಣೆ. ಆಗ ಫ್ಲಾಂಡರ್ಸೂ ಹಾಲೆಂಡೂ ಒಂದೇ ಆಳಿಕೆಗೆ ಸೇರಿದ್ದುವು. ನಿಂದೆಯು ಎರಡಕ್ಕೂ ಅಂಟಿಕೊಂಡಿತು. ಮೂರು ಶತಮಾನಗಳ ತರುವಾಯ, ೧೮೭೬ರಲ್ಲಿ, ಫ್ರಾನ್ಸಿನ ಯೂಜೆನ್ ಫ್ರೋಮಾಂತೆನನು ಅದೇ ಸಂಗತಿಯನ್ನು ಹೊಗಳಿಕೆಯಾಗಿ ತಿರುಗಿಸಿ, ಡಚ್ಚರ ಚಿತ್ರಕಲೆಯೆಂದರೆ ಹಾಲೆಂಡಿನ ಪ್ರತಿಕೃತಿಯೇ ಎಂಬ ಅಭಿಪ್ರಾಯವನ್ನು ಪ್ರಕಟಿಸಿದನು. ಒಂದು ನಿಂದೆ, ಇನ್ನೊಂದು ಸ್ತುತಿ. ಎರಡರ ಆಧಾರವೂ ಒಂದೇ.

ನಮ್ಮಲ್ಲಿಯೂ ಈ ಮಾತು ಬೇರೊಂದು ವೇಷದಲ್ಲಿ ಬಳಕೆಗೆ ಬಂದಿದೆ. ಭಾರತೀಯರ ಕಲೆ ಭಾವಪ್ರಧಾನವಾದುದು, ಪಾಶ್ಚಾತ್ಯರದು ಅನುಕರಣಪ್ರಧಾನವಾದುದು ಎಂದು ಗೆರೆಯೆಳೆದಂತೆ ವಿಭಾಗಮಾಡುವವರು, ಅನುಕರಣಕ್ಕೆ ನಿದರ್ಶನವಾಗಿ ಮೊದಲು ಹೆಸರಿಸುವುದು ಡಚ್ಚರ ಪ್ರಕೃತಿಚಿತ್ರಗಳನ್ನೇ. ಈ ವಿಭಾಗವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪರೀಕ್ಷಿಸುವುದಕ್ಕೆ ಡಚ್ಚರ ಅರಣ್ಯಚಿತ್ರಗಳಿಗಿಂತ, ಅದರಲ್ಲಿಯೂ ಕಾಗದದ ಮೇಲೆ ಲೇಖನಿಯಿಂದಲೂ ಬಳಪದಿಂದಲೂ ಬರೆದ ರೇಖಾಚಿತ್ರಗಳಿಗಿಂತ, ತಕ್ಕ ಒರೆಗಲ್ಲು ಬೇರೆ ದೊರೆಯಲಾರದು. ವರ್ಣಚಿತ್ರದಲ್ಲಿ ಬಣ್ಣದ ಸೊಬಗು ಕಣ್ಣನ್ನು ಸೆಳೆದು ವಿಚಾರವನ್ನು ಮರೆಸಬಹುದು. ರೇಖಾಚಿತ್ರದಲ್ಲಿ ಕೈ ಎಲ್ಲಿ ಕಂಡು ಬರೆಯಿತು, ಎಲ್ಲಿ ನೆನೆದು ಬರೆಯಿತು ಎಂಬುದು ಬಹುಮಟ್ಟಿಗೆ ಬಯಲಾಗಿಯೇ ಇರುತ್ತದೆ.

೨

ಮೊದಲು ದೇಶದ ಸ್ಥಿತಿಯನ್ನು ನೋಡಬೇಕು. ಹಾಲೆಂಡು ಪ್ರಾಂತವು ಸಮುದ್ರಮಟ್ಟಕ್ಕೆ ಸಮನಾಗಿಯೂ ಕೆಲವೆಡೆ ಅದಕ್ಕಿಂತ ತಗ್ಗಾಗಿಯೂ ಇರುವ ನೆಲ. ಒಡ್ಡು ಕಟ್ಟಿ ನೀರನ್ನು ಹೊರಹಾಕಿ ಪಡೆದ ಹುಲ್ಲುಗಾವಲುಗಳೂ, ಕಾಲುವೆಗಳೂ, ಕಡಲತೀರದ ಮರಳುದಿಣ್ಣೆಗಳೂ ಅಲ್ಲಿಯ ಸಹಜ ಸಂಪತ್ತು. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಹಡಗು ಕಟ್ಟುವುದಕ್ಕೂ ಮನೆ ಕಟ್ಟುವುದಕ್ಕೂ ಬೇಕಾದ ಮರವು ನಾರ್ವೆಯಿಂದಲೂ ಬಾಲ್ಟಿಕ್ ತೀರದಿಂದಲೂ ರೈನ್ ನದಿಯ ಮೇಲ್ಭಾಗದಿಂದಲೂ ಬರುತ್ತಿತ್ತು. ಹಾಗೆ ಬಂದ ದಿಮ್ಮಿಗಳನ್ನು ಕೊಯ್ಯುವುದಕ್ಕಾಗಿ ಕಾರ್ನೆಲಿಸ್ ಕಾರ್ನೆಲಿಸ್ಜೋನ್ ಎಂಬವನು ಗಾಳಿಯಿಂದ ನಡೆಯುವ ಗರಗಸದ ಯಂತ್ರವನ್ನು ಕಲ್ಪಿಸಿ ೧೫೯೩ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ೧೬೪೮ರಲ್ಲಿ ಕಟ್ಟಲು ತೊಡಗಿದ ಆಮ್‌ಸ್ಟರ್‌ಡಾಮಿನ ಪುರಭವನವು ಜವುಗು ನೆಲದಲ್ಲಿ ನಾಟಿದ ೧೩,೬೫೯ ಮರದ ಗೂಟಗಳ ಮೇಲೆ ನಿಂತಿದೆ ಎಂಬುದು ಅಲ್ಲಿ ಮಕ್ಕಳೂ ಬಲ್ಲ ಲೆಕ್ಕ. ಆ ನಗರದ ಕೆಳಗೆ ಇರುವಷ್ಟು ಅಡವಿ ಅದರ ಸುತ್ತಮುತ್ತ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು.

ಇದ್ದ ತೋಪುಗಳಾದರೂ ನಗರದವರು ಕಾಪಾಡಿಕೊಂಡುಬಂದ ವಿಹಾರವನಗಳು. ಹಾರ್ಲೆಮ್ ನಗರದ ಅಡವಿಯು ೧೫೭೨-೭೩ರಲ್ಲಿ ಸ್ಪೇನಿನವರು ಹಾಕಿದ ಮುತ್ತಿಗೆಯ ಕಾಲದಲ್ಲಿ ನಾಶವಾಯಿತು. ಮುಂದೆ ಅದನ್ನು ಮತ್ತೆ ನೆಟ್ಟು ಬೆಳೆಸಿದರು. ಹೇಗ್ ನಗರದ ಅಡವಿಯನ್ನು ಯುದ್ಧವೆಚ್ಚಕ್ಕಾಗಿ ಕಡಿದು ಮಾರುವ ಸಂದರ್ಭವೊದಗಿದಾಗ, ಅದನ್ನು ಎಂದಿಗೂ ಮಾರಕೂಡದೆಂದು ೧೫೭೬ರಲ್ಲಿ ನಿರ್ಣಯವಾಯಿತು. ಪೂರ್ವದಿಕ್ಕಿನ ಗೆಲ್ಡರ್‌ಲೆಂಡ್ ಪ್ರಾಂತದಲ್ಲಿಯೂ ಜರ್ಮನಿಯ ಗಡಿಯಲ್ಲಿಯೂ ದಟ್ಟವಾದ ಕಾಡುಗಳಿದ್ದುವೆಂಬುದು ನಿಜ; ಆದರೆ ಚಿತ್ರಕಾರರು ನೆಲೆಸಿದ್ದ ಹಾರ್ಲೆಮ್, ಆಮ್‌ಸ್ಟರ್‌ಡಾಮ್ ನಗರಗಳ ಬಾಗಿಲಲ್ಲಿ ಅವು ಇರಲಿಲ್ಲ.

ಹೀಗಿರಲು ಆ ಕಾಲದ ಚಿತ್ರಗಳಲ್ಲಿ ನಾವು ಕಾಣುವುದೇನು? ಆನೆಯ ಕಾಲಿನಂತಹ ಬೇರುಗಳು, ಬಿದ್ದು ಕೊಳೆಯುತ್ತಿರುವ ಬೊಡ್ಡೆಗಳು, ಹಗಲಿನಲ್ಲಿಯೂ ಕತ್ತಲೆ ಕವಿದ ಕಣಿವೆಗಳು, ಕೊಡಲಿಯನ್ನೇ ಕಾಣದ ಮಹಾರಣ್ಯ. ಕನ್ನಡಿಯ ವಾದವನ್ನು ಒಪ್ಪುವವರು ಕನ್ನಡಿಯ ಎದುರಿಗೆ ಇಲ್ಲದ ವಸ್ತು ಕನ್ನಡಿಯೊಳಗೆ ಬಂದ ಬಗೆಯನ್ನು ತಿಳಿಸಬೇಕಾಗುತ್ತದೆ.

೩

ಈ ಅರಣ್ಯವು ಹಾಲೆಂಡಿಗೆ ಹೊರಗಿನಿಂದ, ವಲಸೆಗಾರರ ಕೈಚಳಕವಾಗಿ ಬಂದಿತು. ಇದಕ್ಕೆ ಮೂಲಪುರುಷನೆಂದು ಹಿರಿಯ ಪೀಟರ್ ಬ್ರೂಗೆಲನನ್ನು ಎಣಿಸಬಹುದು. ಅವನು ೧೫೫೨ರ ಸುಮಾರಿಗೆ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಗೆ ಹೋಗಿಬಂದವನು. ಕರಡಿಗಳು ಆಡುತ್ತಿರುವ ಅಡವಿಯೊಂದನ್ನು ೧೫೫೪ರ ಹೊತ್ತಿಗೆ ಲೇಖನಿಯಿಂದ ಬರೆದನು. ಆ ಹಾಳೆ ಪ್ರಾಗ್ ನಗರದಲ್ಲಿದೆ. ಆಂಟ್‌ವರ್ಪಿನ ಹಿಯರೋನಿಮಸ್ ಕಾಕನು ಇದನ್ನೇ ತಾಮ್ರದ ತಗಡಿಗೆ ಇಳಿಸುವಾಗ ಕರಡಿಗಳನ್ನು ತೆಗೆದು ಅವುಗಳ ಎಡೆಯಲ್ಲಿ ಕ್ರಿಸ್ತನನ್ನೂ ಅವನನ್ನು ಮರುಳುಗೊಳಿಸಬಂದ ಸೈತಾನನನ್ನೂ ನಿಲ್ಲಿಸಿದನು. ಕಾಡು ಮಾತ್ರ ಹಾಗೆಯೇ ಉಳಿಯಿತು. ಪಾತ್ರಗಳು ಬದಲಾದರೂ ಅಡವಿಯೇ ಚಿತ್ರದ ನಾಯಕನಾಗಿ ನಿಲ್ಲಬಲ್ಲುದೆಂಬುದು ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ತೋರಿತು.

ಈ ಬೀಜವನ್ನು ಉತ್ತರಕ್ಕೆ ಒಯ್ದವನು ಗಿಲ್ಲಿಸ್ ಫಾನ್ ಕೋನಿಂಕ್ಸ್‌ಲೋ. ೧೫೮೫ರಲ್ಲಿ ಆಂಟ್‌ವರ್ಪ್ ನಗರವು ಸ್ಪೇನಿನವರ ಕೈವಶವಾಗಲು ಮತಭೇದದ ದೆಸೆಯಿಂದ ಸಾವಿರಾರು ಜನರು ಊರು ಬಿಟ್ಟರು. ಅವರೊಡನೆ ಹೊರಟ ಈತನು ಜರ್ಮನಿಯ ಫ್ರಾಂಕೆಂತಾಲಿನಲ್ಲಿ ಕೆಲವು ಕಾಲ ನಿಂತು, ೧೫೯೫ರಲ್ಲಿ ಆಮ್‌ಸ್ಟರ್‌ಡಾಮಿಗೆ ಬಂದು ೧೬೦೭ರಲ್ಲಿ ಅಲ್ಲಿಯೇ ತೀರಿಕೊಂಡನು. ೧೫೯೮ರ ಅಂಕಿತವುಳ್ಳ ಅವನ ಅರಣ್ಯಚಿತ್ರವೊಂದು ಲೀಕ್ಟೆನ್‌ಸ್ಟೈನ್ ರಾಜರ ಸಂಗ್ರಹದಲ್ಲಿದೆ. ಹಿಂದಿನವರು ಎತ್ತರದ ಬೆಟ್ಟದ ಮೇಲೆ ನಿಂತು ನೋಡಿದಂತೆ ಲೋಕವನ್ನು ಚಿತ್ರಿಸುತ್ತಿದ್ದರು. ಕೋನಿಂಕ್ಸ್‌ಲೋ ನೋಡುವವನನ್ನು ಕೆಳಗಿಳಿಸಿ ಮರದ ಬುಡದಲ್ಲಿ ನಿಲ್ಲಿಸಿದನು, ದಿಗಂತವನ್ನು ಮುಚ್ಚಿದನು, ಆಕಾಶವನ್ನು ಎಲೆಗಳ ಸಂದಿಗೆ ಸೀಮಿತಗೊಳಿಸಿದನು. ನಿಕೊಲಾಸ್ ಡಿ ಬ್ರೈನನು ಅವನ ರಚನೆಗಳನ್ನು ತಗಡಿನಲ್ಲಿ ಕೊರೆದು ಅಚ್ಚುಹಾಕಿದುದರಿಂದ ಈ ರೀತಿಯು ಎಲ್ಲೆಡೆಯೂ ಹರಡಿತು. ಕರೆಲ್ ಫಾನ್ ಮಂಡರನು ೧೬೦೪ರಲ್ಲಿ ಹಾರ್ಲೆಮಿನಲ್ಲಿ ಪ್ರಕಟಿಸಿದ ಚಿತ್ರಕಾರರ ಚರಿತ್ರೆಯಲ್ಲಿ, ಹಾಲೆಂಡಿನ ಚಿತ್ರಗಳಲ್ಲಿ ಬರಡಾಗಿ ನಿಂತಿದ್ದ ಮರಗಳು ಕೋನಿಂಕ್ಸ್‌ಲೋವಿನ ಮರಗಳನ್ನು ನೋಡಿ ಬೆಳೆಯಲು ತೊಡಗಿವೆ ಎಂಬರ್ಥದ ಮಾತನ್ನು ಹೇಳಿರುವನು. ಮರಗಳು ನೆಲವನ್ನು ನೋಡಿ ಬೆಳೆಯಲಿಲ್ಲ, ಚಿತ್ರವನ್ನು ನೋಡಿ ಬೆಳೆದುವು ಎಂಬುದನ್ನು ವಾಚಕರು ಗಮನಿಸಬೇಕು.

ಫಾನ್ ಮಂಡರನ ಗ್ರಂಥದಲ್ಲಿಯೇ ಇದಕ್ಕೆ ಶಾಸ್ತ್ರವೂ ಇದೆ. ಅವನು ಚಿತ್ರಕರ್ಮವನ್ನು ಎರಡು ಬಗೆಯಾಗಿ ವಿಭಾಗಿಸುತ್ತಾನೆ: ಜೀವಂತವಾದುದನ್ನು ಎದುರಿಗಿಟ್ಟುಕೊಂಡು ಬರೆಯುವುದು ಒಂದು, ಚಿತ್ತದಿಂದ ಬರೆಯುವುದು ಇನ್ನೊಂದು. ಎಲೆ, ಕೂದಲು, ಗಾಳಿ, ಬಟ್ಟೆಯ ಮಡಿಕೆ ಇವು ಎರಡನೆಯ ಬಗೆಗೆ ಸೇರಿದುವೆಂದೂ ಇವನ್ನು ಚಿತ್ತವೇ ಕಲಿಸಬೇಕೆಂದೂ ಅವನ ಮತ. ಇದರಲ್ಲಿ ಆಳವಾದ ಅನುಭವವಿದೆ. ಒಂದು ಮರದ ಎಲೆಗಳನ್ನು ಎಣಿಸಿ ಬರೆಯುವುದು ಯಾರಿಂದಲೂ ಆಗದ ಕೆಲಸ. ಕೈಯು ಎಲೆಗೆ ಬದಲಾಗಿ ಒಂದು ಸಂಕೇತವನ್ನು ಕಂಡುಕೊಳ್ಳಬೇಕು. ಆ ಕಾಲದ ಲೇಖನಿಚಿತ್ರಗಳಲ್ಲಿ ಎಲೆಗೊಂಚಲುಗಳೆಲ್ಲ ಒಂದಕ್ಕೊಂದು ತೊಡರಿದ ಸಣ್ಣ ಬಿಲ್ಲುಗೆರೆಗಳ ಸಾಲಾಗಿ ಕಾಣುವುದು ಇದರಿಂದಲೇ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಕವಿಸಮಯವೆಂದು ಕರೆಯುವುದಕ್ಕೆ ಇದು ಸಮಾನವಾದುದು. ಮಹಾಕಾವ್ಯದಲ್ಲಿ ಅಷ್ಟಾದಶವರ್ಣನೆಗಳು ಇರಬೇಕೆಂಬ ನಿಯಮಕ್ಕೆ ಒಳಗಾಗಿ, ಕಡಲನ್ನು ಕಾಣದ ಕವಿಯೂ ಕಡಲನ್ನು ವರ್ಣಿಸಿರುವನು. ಅವನು ಕಡಲನ್ನು ಕಂಡನೆ ಎಂದು ನಾವು ಕೇಳುವುದಿಲ್ಲ. ವರ್ಣನೆಯಲ್ಲಿ ರಸವುಂಟೆ ಎಂದು ಕೇಳುತ್ತೇವೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಅರಣ್ಯವನ್ನು ನಾನಾವಿಧವಾದ ಮರಗಳಿಂದಲೂ ಪಕ್ಷಿಗಳಿಂದಲೂ ಮೃಗಗಳಿಂದಲೂ ತೋರಿಸಬೇಕೆಂದು ವಿಧಿಸುತ್ತದೆ. ಆ ಗ್ರಂಥದ ಹೆಸರನ್ನೂ ಕೇಳದ ರೂಲಾಂಟ್ ಸಾವೆರಿಯ ಚಿತ್ರಗಳು ಆ ವಿಧಿಯನ್ನು ಅಕ್ಷರಶಃ ನಡೆಸಿದಂತೆ ಕಾಣುವುವು. ಈ ಸಾಮ್ಯದಿಂದ ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ಸಾಧಿಸಹೊರಟರೆ ಅದು ಹಾಸ್ಯಾಸ್ಪದವಾದೀತು. ಲೆಕ್ಕಕ್ಕೆ ಸಿಕ್ಕದ ವಸ್ತುವನ್ನು ಲಕ್ಷಣದಿಂದ ಹಿಡಿಯಬೇಕೆಂಬ ಅಗತ್ಯವು ಪೂರ್ವಪಶ್ಚಿಮಗಳಿಗೆ ಸಮಾನವಾದುದೆಂಬಷ್ಟೇ ಇದರ ತಾತ್ಪರ್ಯ.

೪

ಆದರೆ ಸಂಕೇತವು ತನ್ನಷ್ಟಕ್ಕೆ ಬಿಟ್ಟರೆ ಸೊರಗುತ್ತದೆ. ಕೋನಿಂಕ್ಸ್‌ಲೋವಿನ ಅಡವಿಯಲ್ಲಿ ಗಾಂಭೀರ್ಯವುಂಟು. ಆದರೆ ಅಲ್ಲಿಯ ಮರ ಯಾವ ಜಾತಿಯದೆಂದು ಕೇಳಿದರೆ ಉತ್ತರವಿಲ್ಲ. ಅವನ ಅನುಯಾಯಿಗಳಲ್ಲಿ ಗಾಂಭೀರ್ಯವೂ ಕರಗಿ, ಬಿಲ್ಲುಗೆರೆಗಳ ಅಭ್ಯಾಸ ಮಾತ್ರ ಉಳಿದ ಹಾಳೆಗಳು ಬಹಳ. ಆದುದರಿಂದಲೇ ಎದುರಿಗಿಟ್ಟುಕೊಂಡು ಬರೆಯುವ ಇನ್ನೊಂದು ಪದ್ಧತಿಯ ಚರಿತ್ರೆಯನ್ನೂ ಇದರೊಡನೆ ನೋಡತಕ್ಕದ್ದು. ಎಳೆಯ ಚಿತ್ರಕಾರರು ಮುಂಜಾನೆ ಎದ್ದು ಊರ ಹೊರಗೆ ಹೋಗಿ, ಕಂಡುದನ್ನು ಬಳಪದಿಂದಲೋ ಲೇಖನಿಯಿಂದಲೋ ಬರೆದುಕೊಳ್ಳಬೇಕೆಂದು ಉಪದೇಶಿಸಿದವನೂ ಅದೇ ಫಾನ್ ಮಂಡರನೇ. ಅವನ ಮಿತ್ರನಾದ ಹೆಂಡ್ರಿಕ್ ಗೋಲ್ಟ್‌ಸಿಯಸನು ೧೬೦೩ರಲ್ಲಿ ಹಾರ್ಲೆಮಿನ ಮರಳುದಿಣ್ಣೆಗಳನ್ನು ಯಾವ ಅಲಂಕಾರವೂ ಇಲ್ಲದೆ ಬರೆದನು. ಜಾಕ್ ಡಿ ಗೈನನು ಬೇರುಗಳ ಮೇಲೆ ಒಬ್ಬ ಮನುಷ್ಯ ಕುಳಿತಿರುವ ಚೆಸ್ಟ್‌ನಟ್ ಮರವೊಂದನ್ನು ಬರೆದನು. ಆಬ್ರಹಾಂ ಬ್ಲೂಮಾರ್ಟನು ಪೊಳ್ಳುಬಿದ್ದ ಬೊಡ್ಡೆಗಳನ್ನು ಮುದುಕರ ಮುಖಗಳನ್ನು ಬರೆಯುವಷ್ಟು ಆಸ್ಥೆಯಿಂದ ಬರೆದನು. ಇವರಿಗೆ ದೊರೆತುದು ಒಂಟಿಮರ. ಕೋನಿಂಕ್ಸ್‌ಲೋವಿನಲ್ಲಿ ಮರವಿಲ್ಲದ ಕಾಡು, ಇವರಲ್ಲಿ ಕಾಡಿಲ್ಲದ ಮರ. ಎರಡನ್ನೂ ಒಂದುಗೂಡಿಸುವುದು ಮುಂದಿನ ತಲೆಮಾರಿನ ಪಾಲಿಗೆ ಬಂದ ಸಮಸ್ಯೆ.

ಈ ಸಮಸ್ಯೆಯ ಪರಿಹಾರದಲ್ಲಿ ಉಪಕರಣದ ಪಾತ್ರವೂ ಸಣ್ಣದಲ್ಲ. ಲೇಖನಿಯು ಅಂಚನ್ನು ಬರೆಯುವ ಸಾಧನ. ಅದು ಎಲೆಯನ್ನು ಎಲೆಯಿಂದ ಬೇರ್ಪಡಿಸುತ್ತದೆ. ಕಾಡಿನ ಒಳಗೆ ನಿಂತವನಿಗಾದರೋ ಕಾಣುವುದು ಅಂಚುಗಳಲ್ಲ, ಕತ್ತಲೆಬೆಳಕುಗಳ ರಾಶಿ. ಬಯಲಿನ ಚಿತ್ರದಲ್ಲಿ ದಿಗಂತವು ದೂರವನ್ನು ಅಳೆದುಕೊಡುತ್ತದೆ. ಅಡವಿಯಲ್ಲಿ ದಿಗಂತವಿಲ್ಲದ ಕಾರಣ, ಕತ್ತಲೆಯ ತರತಮದಿಂದಲೇ ದೂರವನ್ನು ತೋರಿಸಬೇಕು. ಇದಕ್ಕೆ ಮೃದುವಾದ ಕರಿಬಳಪ, ಇದ್ದಲು, ಕುಂಚದಿಂದ ಎಳೆದ ತೆಳುಮಸಿಯ ಲೇಪ ಇವು ಹೊಂದುವಂತೆ ಲೇಖನಿ ಹೊಂದದು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಸಿಮೊನ್ ಡಿ ಫ್ಲೀಗರ್, ಆಂಟೊನಿ ವಾಟರ್‌ಲೂ ಮುಂತಾದವರು ಬಳಪಕ್ಕೂ ಲೇಪಕ್ಕೂ ತಿರುಗಿದುದು ಬರಿಯ ಅಭಿರುಚಿಯ ಬದಲಾವಣೆಯಲ್ಲ. ಮರಗಳ ನಡುವಣ ಅವಕಾಶವನ್ನು ಬರೆಯಬೇಕೆಂಬ ಹಂಬಲವು ಆ ಸಾಧನಗಳನ್ನು ಹುಡುಕಿಕೊಂಡಿತು.

ಇನ್ನೊಂದು ಸಂಗತಿ. ರೇಖಾಚಿತ್ರಕಾರನ ಬಳಿ ಬೆಳಕೆಂಬ ಬಣ್ಣವಿಲ್ಲ. ಅವನು ಮುಟ್ಟದೆ ಬಿಟ್ಟ ಕಾಗದವೇ ಅವನ ಬಿಸಿಲು. ಆದುದರಿಂದ ಅಡವಿಯನ್ನು ಬರೆಯುವ ವಿದ್ಯೆಯು ಬಹುಮಟ್ಟಿಗೆ ಬರೆಯದೆ ಬಿಡುವ ವಿದ್ಯೆ. ರೆಂಬ್ರಾಂಟನು ೧೬೫೨ರಲ್ಲಿ ತಗಡಿನ ಮೇಲೆ ನೇರವಾಗಿ ಸೂಜಿಯಿಂದ ಗೀರಿದ ಮರಗಳ ಗುಂಪೊಂದರ ಮೊದಲ ಅಚ್ಚಿನಲ್ಲಿ ನಡುವಣ ಮರಗಳಷ್ಟೇ ತೆಳುವಾಗಿ ಮೂಡಿವೆ. ಸುತ್ತಣ ಭಾಗ ಬರಿದು. ಆಮೇಲಿನ ಅಚ್ಚಿನಲ್ಲಿ ಅದನ್ನು ತಿದ್ದಿ ತುಂಬಿ ಹೆಸರನ್ನೂ ಇಸವಿಯನ್ನೂ ಬರೆದನು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಕಂಡ ಕ್ಷಣ ಯಾವುದು, ರಚಿಸಿದ ಕೃತಿ ಯಾವುದು ಎಂಬುದು ಬೇರೆಬೇರೆಯಾಗಿ ತಿಳಿಯುತ್ತದೆ.

ವಾಟರ್‌ಲೂವಿನ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅವನ ದೊಡ್ಡ ಬಳಪದ ಹಾಳೆಗಳಲ್ಲಿ ಒಳ್ಳೆಯವು ನಿಜವಾಗಿಯೂ ಒಳ್ಳೆಯವು. ದಾರಿಯೊಂದು ಕತ್ತಲೆಯೊಳಗೆ ಹೊಕ್ಕು ಮರೆಯಾಗುವ ರೀತಿಯನ್ನು ಅವನಂತೆ ಅರಿತವರು ಕೆಲವರೇ. ಆದರೆ ಅವನು ಅಚ್ಚುಹಾಕಿದ ನೂರಕ್ಕೂ ಮಿಕ್ಕ ತಗಡುಗಳನ್ನು ಸಾಲಾಗಿ ನೋಡುವಾಗ, ಒಂದೇ ಮರವು ಸ್ಥಳ ಬದಲಿಸಿ ನಿಲ್ಲುತ್ತಿದೆಯೇ ಎಂಬ ಸಂದೇಹ ಹುಟ್ಟುತ್ತದೆ. ಕಂಡು ಬರೆದುದೂ ಅಭ್ಯಾಸಬಲದಿಂದ ಸಂಕೇತವಾಗಿ ಒಣಗಬಹುದೆಂಬುದಕ್ಕೆ ಇದೇ ಸಾಕ್ಷಿ. ಕಲ್ಪನೆಯಂತೆಯೇ ವೀಕ್ಷಣೆಗೂ ಜಡತೆಯ ಭಯ ತಪ್ಪಿದ್ದಲ್ಲ.

೫

ಎರಡು ಧಾರೆಗಳೂ ಕೂಡಿದ ಸ್ಥಾನ ಜೇಕಬ್ ಫಾನ್ ರೂಯಿಸ್‌ಡಾಲನ ಕೃತಿ. ೧೬೨೮ ಅಥವಾ ೧೬೨೯ರಲ್ಲಿ ಹಾರ್ಲೆಮಿನಲ್ಲಿ ಹುಟ್ಟಿ ೧೬೮೨ರಲ್ಲಿ ತೀರಿಕೊಂಡ ಈತನು, ೧೬೫೦ರ ಸುಮಾರಿಗೆ ಜರ್ಮನಿಯ ಗಡಿಯ ಬೆಂಟ್‌ಹೈಮ್ ಸೀಮೆಯಲ್ಲಿ ಸಂಚರಿಸಿ ಅಲ್ಲಿಯ ಕಾಡುಗಳನ್ನು ಕಣ್ಣಾರೆ ಕಂಡನು. ಅವನ ರೇಖಾಚಿತ್ರಗಳು ಹೆಚ್ಚಾಗಿ ಕರಿಬಳಪ ಮತ್ತು ಬೂದುಬಣ್ಣದ ಲೇಪದವು. ತಗಡಿನ ಅಚ್ಚುಗಳು ಹದಿಮೂರು ಮಾತ್ರ. ಅವುಗಳಲ್ಲಿ ‘ದಾರಿಹೋಕರು’ ಎಂದು ಹೆಸರಾದುದೊಂದರಲ್ಲಿ ನೀರು ನಿಂತ ನೆಲದ ಮೇಲೆ ಬೇರುಗಳು ಹೆಣೆದುಕೊಂಡಿವೆ. ಮನುಷ್ಯರು ಮೂಲೆಯಲ್ಲಿ ಇದ್ದೂ ಇಲ್ಲದಂತಿದ್ದಾರೆ. ನೋಡುವವನ ಕಣ್ಣು ಮೊದಲು ಬೇರಿನಲ್ಲಿ ತೊಡರಿ, ಆಮೇಲೆ ಬೊಡ್ಡೆಯನ್ನು ಏರಿ, ಕೊನೆಗೆ ಹಿಂದಣ ಕತ್ತಲೆಯನ್ನು ಸೇರುತ್ತದೆ.

೧೯೮೨ರಲ್ಲಿ ಪೀಟರ್ ಆಷ್ಟನ್, ಆಲಿಸ್ ಡೇವೀಸ್, ಸೀಮೂರ್ ಸ್ಲೈವ್ ಎಂಬ ಮೂವರು ರೂಯಿಸ್‌ಡಾಲನ ಮರಗಳನ್ನು ಸಸ್ಯಶಾಸ್ತ್ರದ ದೃಷ್ಟಿಯಿಂದ ಪರೀಕ್ಷಿಸಿ, ಅವುಗಳ ಜಾತಿಯನ್ನು ನಿಸ್ಸಂದೇಹವಾಗಿ ಗುರುತಿಸಬಹುದೆಂದು ತೋರಿಸಿಕೊಟ್ಟರು. ಓಕ್ ಮರ ಓಕಿನಂತೆಯೇ ಕವಲೊಡೆಯುತ್ತದೆ. ಬೀಚ್ ಮರದ ತೊಗಟೆ ಬೀಚಿನದೇ. ಇದನ್ನು ಕೇಳಿ ಅನುಕರಣವಾದಿಗಳು ತಮ್ಮ ಪಕ್ಷ ಗೆದ್ದಿತೆಂದು ಹಿಗ್ಗಬಹುದು. ಆದರೆ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹದಲ್ಲಿರುವ ‘ಕಾಡಿನ ಜವುಗು’ ಎಂಬ ಅವನ ಸುಪ್ರಸಿದ್ಧ ವರ್ಣಚಿತ್ರದ ಕಥೆಯನ್ನೂ ಅವರು ಕೇಳಬೇಕು. ಆ ಚಿತ್ರದ ಒಟ್ಟು ವಿನ್ಯಾಸವು ರೂಲಾಂಟ್ ಸಾವೆರಿಯ ರಚನೆಯೊಂದನ್ನು ಎಗಿಡಿಯಸ್ ಸಾಡೆಲರನು ತಗಡಿನಲ್ಲಿ ಕೊರೆದ ಅಚ್ಚುಚಿತ್ರದಿಂದ ಬಂದುದೆಂದು ವಿದ್ವಾಂಸರು ಗುರುತಿಸಿರುವರು. ಸಾವೆರಿಯು ಪ್ರಾಗಿನಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನದಲ್ಲಿದ್ದು, ಅವನ ಅಪ್ಪಣೆಯಂತೆ ಟಿರೋಲ್ ಪರ್ವತಪ್ರಾಂತದಲ್ಲಿ ಪ್ರಕೃತಿವಿಸ್ಮಯಗಳನ್ನು ಬರೆದುಕೊಂಡು ಬಂದು, ೧೬೧೯ರಲ್ಲಿ ಯೂಟ್ರೆಕ್ಟಿನಲ್ಲಿ ನೆಲೆನಿಂತವನು. ಹೀಗೆ ಡಚ್ಚರ ಅತ್ಯಂತ ನೈಜವೆನಿಸಿದ ಅಡವಿಯು ಹಾಲೆಂಡಿನದಲ್ಲ. ಪೂರ್ತಿಯಾಗಿ ಬೆಂಟ್‌ಹೈಮಿನದೂ ಅಲ್ಲ. ಹಿಂದಿನ ತಲೆಮಾರಿನ ಒಂದು ಹಾಳೆಯಿಂದ ಎದ್ದು, ಓಕ್ ಬರ್ಚ್ ಮರಗಳ ನಿಜವಾದ ತೊಗಟೆಯನ್ನು ತೊಟ್ಟು ನಿಂತುದು. ಎಲುಬು ಪರಂಪರೆಯದು, ಮಾಂಸ ವೀಕ್ಷಣೆಯದು, ಉಸಿರು ರೂಯಿಸ್‌ಡಾಲನದು.

ಎಲೆಯ ಯಾಥಾರ್ಥ್ಯವೊಂದೇ ಅಡವಿಯನ್ನು ಕೊಡಲಾರದೆಂಬುದಕ್ಕೆ ಅದೇ ಕಾಲದ ಮತ್ತೊಂದು ನಿದರ್ಶನವು ನಮ್ಮ ನೆರೆಯ ಮಲಬಾರಿನಿಂದಲೇ ದೊರೆಯುತ್ತದೆ. ಕೊಚ್ಚಿಯ ಡಚ್ ಅಧಿಕಾರಿಯಾಗಿದ್ದ ಹೆಂಡ್ರಿಕ್ ಫಾನ್ ರೇಡನು ಮಲಬಾರಿನ ಸಸ್ಯಗಳನ್ನು ಕುರಿತು ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವು ೧೬೭೮ರಿಂದ ೧೬೯೩ರ ವರೆಗೆ ಹನ್ನೆರಡು ಸಂಪುಟಗಳಾಗಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯನೂ ರಂಗಭಟ್ಟ, ವಿನಾಯಕಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ಬ್ರಾಹ್ಮಣರೂ ಅದಕ್ಕೆ ನೆರವಾದರು. ಅದರ ತಗಡಿನ ಚಿತ್ರಗಳಲ್ಲಿ ಎಲೆ, ಹೂ, ಕಾಯಿಗಳು ಸ್ಪಷ್ಟವಾಗಿ ಮೂಡಿವೆ. ಗಿಡವನ್ನು ಗುರುತಿಸುವುದಕ್ಕೆ ಇವು ಇಂದಿಗೂ ಆಧಾರ. ಆದರೆ ಆ ಗಿಡಗಳು ಬೆಳೆದ ಮಳೆಗಾಡು ಅಲ್ಲಿ ಎಲ್ಲಿಯೂ ಇಲ್ಲ. ಪ್ರತಿಯೊಂದು ಕೊಂಬೆಯೂ ಬಿಳಿಯ ಹಾಳೆಯ ಮೇಲೆ ಒಂಟಿಯಾಗಿ ನಿಂತಿದೆ. ಇದು ಗ್ರಂಥದ ದೋಷವಲ್ಲ. ಅದರ ಉದ್ದೇಶವೇ ಬೇರೆ. ಆದರೆ ಮರಗಳ ಮೊತ್ತವೇ ಅರಣ್ಯವೆಂದು ತಿಳಿದವರು ಈ ಹನ್ನೆರಡು ಸಂಪುಟಗಳನ್ನು ರೂಯಿಸ್‌ಡಾಲನ ಒಂದು ಹಾಳೆಯ ಪಕ್ಕದಲ್ಲಿ ಇಟ್ಟು ನೋಡಬೇಕು. ಒಂದರಲ್ಲಿ ಹೆಸರುಗಳಿವೆ, ಇನ್ನೊಂದರಲ್ಲಿ ನೆಲೆ ಇದೆ.

ರೂಯಿಸ್‌ಡಾಲನ ಶಿಷ್ಯನಾದ ಮೈಂಡರ್ಟ್ ಹಾಬೆಮನನ್ನು ಗುರುವಿಗಿಂತ ಹೆಚ್ಚಾಗಿ ಮೆಚ್ಚುವವರುಂಟು. ಅವನ ಕಾಡಿನಲ್ಲಿ ಬಿಸಿಲು ಧಾರಾಳ. ಗಿರಣಿಯೂ ಗುಡಿಸಲೂ ಕಾಲುದಾರಿಯೂ ನೋಡುವವನನ್ನು ಆದರಿಸಿ ಕರೆಯುವುವು. ಸೊಗಸಾದ ಚಿತ್ರಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಅಡವಿಯ ಅಂಚಿನ ಚಿತ್ರಗಳು. ೧೬೮೯ರಲ್ಲಿ ಅವನು ಬರೆದ ಮಿಡ್ಡೆಲ್‌ಹಾರ್ನಿಸಿನ ಸಾಲುಮರಗಳ ಚಿತ್ರದಲ್ಲಿ ಮರಗಳು ಮನುಷ್ಯನು ನೆಟ್ಟ ಕಂಬಗಳಂತೆ ಎರಡು ಸಾಲಾಗಿ ನಿಂತು, ನಡುವೆ ಬಯಲೂ ಆಕಾಶವೂ ತೆರೆದುಕೊಂಡಿವೆ. ಅಲ್ಲಿಗೆ ಹಾಲೆಂಡು ತನ್ನ ನಿಜವಾದ ನೆಲಕ್ಕೆ ಮರಳಿತು. ಒಂದು ಶತಮಾನದ ಅರಣ್ಯದ ಕನಸು ಮುಗಿಯಿತು. ಫ್ರೋಮಾಂತೆನನ ಮಾತು ಆ ಚಿತ್ರಕ್ಕೆ ಸಲ್ಲುತ್ತದೆ. ರೂಯಿಸ್‌ಡಾಲನ ಜವುಗಿಗೆ ಸಲ್ಲದು.

೬

ಜರ್ಮನಿಯ ಮಹಾಕವಿ ಗಯಟೆಯು ೧೮೧೬ರಲ್ಲಿ ಪ್ರಕಟಿಸಿದ ಪ್ರಬಂಧವೊಂದಕ್ಕೆ ‘ಕವಿಯಾಗಿ ರೂಯಿಸ್‌ಡಾಲ್’ ಎಂದು ಹೆಸರಿಟ್ಟನು. ಡ್ರೆಸ್‌ಡೆನ್ ನಗರದ ಮೂರು ಚಿತ್ರಗಳನ್ನು ಮುಂದಿಟ್ಟುಕೊಂಡು, ಇವನು ಕಣ್ಣನ್ನು ತಣಿಸುತ್ತ ಬುದ್ಧಿಗೂ ಕೆಲಸ ಕೊಡುವ ಕವಿಯೆಂದು ಅವನು ವಾದಿಸಿರುವನು. ಈ ಬಿರುದು ಕೇವಲ ಉಪಚಾರದ ಮಾತಲ್ಲವೆಂಬುದನ್ನು ಮೇಲಿನ ವಿಚಾರದಿಂದ ತಿಳಿಯಬಹುದು. ಕವಿಯು ಹಿಂದಿನವರಿಂದ ಛಂದಸ್ಸನ್ನೂ ಸಮಯವನ್ನೂ ಪಡೆದು, ತಾನು ಕಂಡ ಲೋಕದಿಂದ ಅದಕ್ಕೆ ಪ್ರಾಣ ತುಂಬುವಂತೆಯೇ ಈ ಚಿತ್ರಕಾರನೂ ಮಾಡಿದನು.

ಆದುದರಿಂದ ಅನುಕರಣ, ಕಲ್ಪನೆ ಎಂದು ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಪಶ್ಚಿಮವನ್ನೂ ಇನ್ನೊಂದಕ್ಕೆ ಪೂರ್ವವನ್ನೂ ತುಂಬುವುದು ವಿಮರ್ಶೆಯಲ್ಲ. ಹೀಗೆ ಮಾಡುವುದರಿಂದ ಡಚ್ಚರಿಗೆ ಅನ್ಯಾಯವಾಗುವುದಿರಲಿ, ನಮ್ಮ ಕಲೆಗೇ ಹೆಚ್ಚು ಕೇಡು. ಕಣ್ಣಿಟ್ಟು ನೋಡುವ ಕಷ್ಟವನ್ನು ತಪ್ಪಿಸಿಕೊಂಡವನೂ ತನ್ನನ್ನು ಭಾವಪ್ರಧಾನನೆಂದು ಕರೆದುಕೊಳ್ಳಲು ಎಡೆಯಾಗುತ್ತದೆ. ಒಂದು ಅರಣ್ಯಚಿತ್ರದ ಬೆಲೆಯನ್ನು ತಿಳಿಯಬೇಕಾದರೆ ಅದರ ಎಲೆಗಳನ್ನು ಎಣಿಸುವುದೂ ಬೇಡ, ಅದು ಯಾವ ಊರಿನ ಕಾಡೆಂದು ವಿಚಾರಿಸುವುದೂ ಬೇಡ. ಎರಡು ಮರಗಳ ನಡುವಣ ಕತ್ತಲೆಯನ್ನು ನೋಡಬೇಕು. ಅಲ್ಲಿ ಬರಿಯ ಮಸಿ ತುಂಬಿದ್ದರೆ ಅದು ಅಭ್ಯಾಸದ ಕೈ. ಅಲ್ಲಿ ಕಾಲಿಟ್ಟು ಒಳಗೆ ಹೋಗಬಹುದೆನಿಸಿದರೆ ಅದು ಪ್ರತಿಭೆಯ ಕೈ. ಅಡವಿಯಿಲ್ಲದ ನೆಲದಲ್ಲಿ ನಿಂತು ಬ್ರೂಗೆಲನಿಂದ ರೂಯಿಸ್‌ಡಾಲನ ವರೆಗಿನ ಪರಂಪರೆಯವರು ಅಂತಹ ಕತ್ತಲೆಯನ್ನು ಬರೆದರು. ಅವರ ಕಲೆಯ ಸತ್ಯವಿರುವುದು ಅದರಲ್ಲಿಯೇ.